ಗೆಳೆಯನಿಗೊಂದು ಪತ್ರ: ಕತ್ತೆಯ ತೊಗಲು, ಹಂಚಿಯ ಮುಖವಾಡ

ಪ್ರಿಯ ಗೆಳೆಯ,

ನಮ್ಮ ಜಾನಪದ ಕಥೆ 'ಹಂಚಿ'ಯನ್ನು ಮಕ್ಕಳೂ ಕೂತು ನೋಡುವಂಥ ಹಾಡಿನ ನಾಟಕ ಮಾಡಬೇಕು, ಆದರೆ ಅಣ್ಣನೇ ತಂಗಿಯನ್ನು ಮದುವೆಯಾಗುತ್ತೇನೆ ಎನ್ನುವ ಮೊದಲ ಭಾಗವನ್ನು ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಕತ್ತರಿ ಎತ್ತುವ ಮೊದಲು ಝಾಕ್ ದೆಮಿಯ 'ಪೋ ದಾನ್' ನೋಡು. 1970ರ ಫ್ರೆಂಚ್ ಚಿತ್ರ, ಒಂದೂವರೆ ಗಂಟೆಯಷ್ಟಿದೆ. ಹೆಸರಿನ ಅರ್ಥ ಕತ್ತೆಯ ತೊಗಲು. ನಿನ್ನ ಕೈಯಲ್ಲಿರುವ ಕಥೆಗೆ ಇದು ದೂರದ ನೆಂಟನಲ್ಲ, ಒಡಹುಟ್ಟು. ಎ.ಕೆ. ರಾಮಾನುಜನ್ ಸಂಗ್ರಹಿಸಿ ಬರೆದ ನಮ್ಮ ಹಂಚಿಯೂ ಈ ಕತ್ತೆತೊಗಲಿನ ಹುಡುಗಿಯೂ ಜಾನಪದ ವಿದ್ವಾಂಸರ ಪಟ್ಟಿಯಲ್ಲಿ 510ಬಿ ಎಂಬ ಒಂದೇ ಮಾದರಿಗೆ ಸೇರಿದವರು. ಮನೆಯ ಗಂಡಸಿನ ಕಣ್ಣಿಗೆ ಹೆದರಿ ವೇಷ ಮರೆಸಿ ಓಡುವುದು, ಇನ್ನೊಬ್ಬರ ಮನೆಯಲ್ಲಿ ಚಾಕರಿ, ಕೊನೆಗೆ ಗುರುತು ಹತ್ತುವ ಗಳಿಗೆ. ಎರಡರ ಬೆನ್ನೆಲುಬೂ ಇದೇ.

ಕಥೆ ಶಾರ್ಲ್ ಪೆರೋ 1694ರಲ್ಲಿ ಪದ್ಯದಲ್ಲಿ ಬರೆದದ್ದು. ಒಬ್ಬ ರಾಜ, ಅವನ ಲಾಯದಲ್ಲಿ ಲದ್ದಿಯ ಬದಲು ಚಿನ್ನ ಹಾಕುವ ಕತ್ತೆ. ಸಾಯುವಾಗ ರಾಣಿ ಆಣೆ ಹಾಕಿಸಿಕೊಳ್ಳುತ್ತಾಳೆ: ನನಗಿಂತ ಚೆಲುವೆ ಸಿಕ್ಕರೆ ಮಾತ್ರ ಮರುಮದುವೆ. ಹುಡುಕಿ ನೋಡಿದರೆ ಅವಳಿಗಿಂತ ಚೆಲುವೆ ಸ್ವಂತ ಮಗಳೊಬ್ಬಳೇ. ಮಗಳು ದಿನ ತಳ್ಳಲು ಆಗದ್ದನ್ನೆಲ್ಲ ಕೇಳುತ್ತಾಳೆ. ಕಾಲದ ಬಣ್ಣದ ಉಡುಗೆ, ಚಂದ್ರನ ಬಣ್ಣದ್ದು, ಸೂರ್ಯನ ಬಣ್ಣದ್ದು, ಕಡೆಗೆ ಆ ಕತ್ತೆಯ ತೊಗಲು. ರಾಜ್ಯದ ಬೊಕ್ಕಸವೇ ಆಗಿದ್ದ ಪ್ರಾಣಿಯನ್ನೂ ಅವನು ಕೊಲ್ಲಿಸುತ್ತಾನೆ. ಇನ್ನು ಕೇಳಲು ಏನೂ ಉಳಿದಿಲ್ಲ ಎಂದಾಗ ಅವಳು ಅದೇ ತೊಗಲನ್ನು ಹೊದ್ದು ಓಡುತ್ತಾಳೆ. ಇನ್ನೊಂದು ರಾಜ್ಯದಲ್ಲಿ ಚಾಕರಿಗೆ ನಿಲ್ಲುತ್ತಾಳೆ, ಅಲ್ಲಿನ ರಾಜಕುಮಾರನಿಗೆ ಮಾಡಿದ ಕೇಕಿನೊಳಗೆ ಅವಳು ಅಡಗಿಸಿದ ಉಂಗುರದಿಂದ ಕೊನೆಗೆ ಗುರುತು ಹತ್ತುತ್ತದೆ.

ಇಲ್ಲಿ ದೆಮಿ ಮಾಡಿದ ಒಂದು ಕೆಲಸವನ್ನು ಗಮನಿಸು. ಸಾಯುವ ರಾಣಿಯೂ ಮಗಳೂ ಒಬ್ಬಳೇ ನಟಿ, ಕಾತ್ರೀನ್ ದೆನೇವ್. ಹೆಂಡತಿಯ ಮುಖವೇ ಮಗಳಾಗಿ ಎದುರು ನಿಂತಿದೆ. ರಾಜನಿಗೆ ಏನಾಗುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ನೋಡುವವರ ಕಣ್ಣಿಗೇ ತಿಳಿಯುತ್ತದೆ. ನಿನ್ನ ನಾಟಕದಲ್ಲಿ ಇದೇ ದಾರಿ ಹಿಡಿಯಲಾಗದು, ಅಲ್ಲಿರುವುದು ಅಣ್ಣ ತಂಗಿ. ಆದರೆ ಹಂಚಿಯ ಕೂದಲು ಹೊನ್ನಿನದು, ಅಣ್ಣ ಅದನ್ನು ಒಂದು ದಿನ ತಟ್ಟನೆ ಕಾಣುತ್ತಾನೆ. ಆ ಕಾಣುವಿಕೆಗೆ ಒಂದು ಬೆಳಕು ಸಾಕು. ಅವಳು ತಲೆ ಬಾಚಿಕೊಳ್ಳುವಾಗ ಪಕ್ಕದಿಂದ ಒಂದೇ ಹಳದಿ ದೀಪ ಕೂದಲಿಗೆ ಬೀಳಲಿ, ಅಣ್ಣ ನಿಂತುಬಿಡಲಿ. ಮಾತು ಬೇಡ.

ಇನ್ನು ಮಕ್ಕಳ ಮುಂದೆ ಹೇಗೆ ಹೇಳುವುದು ಎಂಬ ನಿನ್ನ ಪ್ರಶ್ನೆ. ಚಿತ್ರದಲ್ಲಿ ದೆಲ್ಫೀನ್ ಸೇರಿಗ್ ಮಾಡಿದ ಲೈಲಾಕ್ ಹೂವಿನ ಯಕ್ಷಿಣಿಯ ಹಾಡನ್ನು ಎರಡು ಮೂರು ಸಲ ಕೇಳು. ಹೆತ್ತವರನ್ನು ಪ್ರೀತಿಸುವುದು ಬೇರೆ, ಅವರನ್ನು ಮದುವೆಯಾಗುವುದು ಬೇರೆ ಎಂದು ಅವಳು ಹುಡುಗಿಗೆ ಬಿಡಿಸಿ ಹೇಳುತ್ತಾಳೆ. ಗುಡುಗಿಲ್ಲ, ಪಾಪದ ಮಾತಿಲ್ಲ, ಕಣ್ಣೀರಿಲ್ಲ. ಮಿಶೆಲ್ ಲೆಗ್ರಾಂ ಕೊಟ್ಟ ರಾಗ ಹಗುರ, ಮಗ್ಗಿ ಕಲಿಸುವ ಅಕ್ಕನ ದನಿಯಂತೆ. ಹಗುರವಾದ್ದರಿಂದಲೇ ಆ ಮಾತನ್ನು ನೆಟ್ಟಗೆ ಹೇಳಲು ಆಗಿದೆ. ರಾಗ ಭಾರವಾಗಿದ್ದರೆ ಮಾತನ್ನು ಮುಚ್ಚಿ ಸುತ್ತಿ ಹೇಳಬೇಕಾಗುತ್ತಿತ್ತು. ಈ ಚಿತ್ರದ ಚೆಲ್ಲಾಟವೆಲ್ಲ, ನೀಲಿ ಮುಖದ ಆಳುಗಳು, ರಾಜನ ಸಿಂಹಾಸನವಾದ ದೊಡ್ಡ ಬಿಳಿ ಬೆಕ್ಕು, ಮಾತಾಡುವ ಗುಲಾಬಿ, ಎಲ್ಲ ಇರುವುದು ಇದಕ್ಕಾಗಿಯೇ. ಹಾಗಾಗಿ ನಿನ್ನ ನಾಟಕದಲ್ಲಿ ತಾಯಿಯ ಹಾಡು ಗೋಳಾಡಬಾರದು. ಮಗನನ್ನು ಅಕ್ಕಿ, ಗೋಧಿ, ಬೇಳೆ ತರಲು ಪೇಟೆಗೆ ಕಳಿಸಿ, ಕುಂಬಾರನ ಬಳಿ ಓಡಿ ಮಗಳ ಮುಖ ಮರೆಸಲು ಮಣ್ಣಿನ ಮುಖವಾಡ ಮಾಡಿಸಿ, ಅವಳಿಗೆ ಬುತ್ತಿ ಕಟ್ಟುವ ಹೆಂಗಸು ಅವಳು. ಬೀಸುಕಲ್ಲಿನ ಲಯದಲ್ಲಿ, ಕೆಲಸ ಮಾಡುತ್ತಲೇ ಹಾಡಲಿ.

ಬಣ್ಣದ ಲೆಕ್ಕ ಸರಳ. ಅಪ್ಪನ ರಾಜ್ಯ ನೀಲಿ, ರಾಜಕುಮಾರನ ರಾಜ್ಯ ಕೆಂಪು, ಕುದುರೆಗಳೂ ಆಳುಗಳ ಮುಖಗಳೂ ಅದೇ ಬಣ್ಣ, ಕೊನೆಯ ಮದುವೆ ಬಿಳಿ. ನೀಲಿಯನ್ನು ಪ್ಲೆಸಿ ಬುರೇ ಕೋಟೆಯಲ್ಲಿ, ಕೆಂಪನ್ನು ಲುವಾರ್ ಸೀಮೆಯ ಶಾಂಬೋರ್ ಅರಮನೆಯಲ್ಲಿ ಚಿತ್ರಿಸಿದರು. ರಂಗದ ಮೇಲೆ ನೀಲಿ ಮುಖ ಮಾಡುವುದಾದರೆ ಎರಡು ಎಚ್ಚರಿಕೆ. ಕೇಸರಿ ಜೆಲ್ (ದೀಪದ ಮುಂದಿಡುವ ಬಣ್ಣದ ಹಾಳೆ) ಹಾಕಿದ ದೀಪದಡಿ ನೀಲಿ ಬಣ್ಣ ಕೊಳಕು ಬೂದಿಯಾಗಿ ಕಾಣುತ್ತದೆ, ಏಕೆಂದರೆ ನೀಲಿ ಹಿಂತಿರುಗಿಸಬೇಕಾದ ಬೆಳಕೇ ಆ ದೀಪದಲ್ಲಿ ಇರುವುದಿಲ್ಲ. ಬಿಳಿ ಅಥವಾ ತಣ್ಣನೆಯ ದೀಪವನ್ನೇ ಇಡು. ಎರಡನೆಯದು, ನೀರಿನ ಬಣ್ಣ ಹಾಡುವವರ ತುಟಿಯ ಸುತ್ತ ಅರ್ಧ ಗಂಟೆಗೆಲ್ಲ ಬಿರುಕು ಬಿಡುತ್ತದೆ. ಯಕ್ಷಗಾನದ ವೇಷಧಾರಿಗಳಂತೆ ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ ನಿಲ್ಲುತ್ತದೆ. ಮಕ್ಕಳ ಮುಖಕ್ಕಾದರೆ ಇಂಗಳೀಕ ಬೇಡವೇ ಬೇಡ, ಅದರಲ್ಲಿ ಪಾದರಸವಿದೆ.

ಮೂರು ಉಡುಗೆಗಳಲ್ಲಿ ಮೊದಲನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಫ್ರೆಂಚಿನ 'ತಾಂ' ಎಂದರೆ ಹೊತ್ತೂ ಹೌದು, ಹವೆಯೂ ಹೌದು. ಬೇರೆ ಭಾಷೆಗೆ ತರುವವರು ಇಲ್ಲಿ ತಿಣುಕುತ್ತಾರೆ. ನಮಗೆ ಆ ಕಷ್ಟವಿಲ್ಲ. ಮಳೆಗಾಲ ಎನ್ನುವ ನಮ್ಮ ಬಾಯಿಗೆ 'ಕಾಲ' ಎರಡನ್ನೂ ಹೊರುವ ಮಾತು, 'ಕಾಲದ ಬಣ್ಣದ ಸೀರೆ' ಎಂದರೆ ಮುಗಿಯಿತು. ದೆಮಿ ಆ ಉಡುಗೆಯನ್ನು ಸಿನಿಮಾ ಪರದೆಯ ಬಟ್ಟೆಯಲ್ಲೇ ಹೊಲಿಸಿ, ಅದರ ಮೇಲೆ ಮೋಡಗಳ ಚಿತ್ರಿಕೆಯನ್ನು ಪ್ರೊಜೆಕ್ಟರಿನಿಂದ ಹಾಯಿಸಿದ. ಹುಡುಗಿ ನಿಂತಿದ್ದಾಳೆ, ಲಂಗದ ಮೇಲೆ ಆಕಾಶ ನಡೆಯುತ್ತಿದೆ.

ಇದನ್ನು ನೀನೂ ಮಾಡಬಹುದು. ಸ್ಯಾಟಿನ್ ತರಬೇಡ, ಹೊಳಪಿನ ಬಟ್ಟೆ ಬೆಳಕನ್ನು ಒಂದೇ ಕಡೆ ಚುಕ್ಕೆಯಾಗಿ ಹಿಂದಕ್ಕೆ ಎಸೆಯುತ್ತದೆ. ಮಂದ ಬಿಳಿಯ ದಪ್ಪ ಹತ್ತಿಬಟ್ಟೆ ಸಾಕು. ನೆರಿಗೆ ಕಡಿಮೆಯಿರಲಿ, ನೆರಿಗೆ ಹೆಚ್ಚಾದಷ್ಟೂ ಮೋಡ ಚೂರುಚೂರಾಗುತ್ತದೆ. ಲಂಗದೊಳಗೆ ಬಿದಿರಿನ ಅಥವಾ ಪಿವಿಸಿ ಕೊಳವೆಯ ಎರಡು ಬಳೆ ಕಟ್ಟಿ ಅಗಲಿಸಿದರೆ ಅದೇ ಪರದೆಯಾಗುತ್ತದೆ. 3000 ಲ್ಯೂಮೆನ್ನಿನ ಸಾಧಾರಣ ಪ್ರೊಜೆಕ್ಟರನ್ನು ಎತ್ತರದಲ್ಲಿಟ್ಟು ಕೆಳಮುಖ ಮಾಡು, ನೆರಳು ಹಿಂದಿನ ಪರದೆಗೆ ಬೀಳದೆ ನೆಲಕ್ಕೆ ಬೀಳುತ್ತದೆ. ಹಿಂದೆ ಕಪ್ಪು ಬಟ್ಟೆ ಕಟ್ಟು. ಎಲ್ಲರೂ ಎಡವುವುದು ಒಂದೇ ಕಡೆ, ಮೋಡ ನಟಿಯ ಮುಖದ ಮೇಲೂ ಹರಿಯುತ್ತದೆ. ವಿಡಿಯೋದಲ್ಲೇ ಕುತ್ತಿಗೆಯಿಂದ ಮೇಲಿನ ಭಾಗವನ್ನು ಕಪ್ಪು ಮಾಡಿಬಿಡು, ನಟಿ ನಿಲ್ಲುವ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸು, ಮುಖಕ್ಕೆ ಪಕ್ಕದಿಂದ ಬೇರೆ ಕಿರುದೀಪ ಕೊಡು. ಆ ಒಂದು ನಿಮಿಷ ಉಳಿದ ದೀಪಗಳೆಲ್ಲ ಆರಿರಬೇಕು. ಚಂದ್ರ ಸೂರ್ಯರ ಉಡುಗೆಗೆ ಜರಿ, ತಗಡು ಸಾಕು, ಅದು ನಿಮ್ಮ ವಸ್ತ್ರದವರಿಗೇ ಗೊತ್ತು.

ಹಾಡುಗಳ ಮಾತು. ಇಲ್ಲಿ ದೆನೇವ್ ಹಾಡಿಲ್ಲ, ಆನ್ ಜೆರ್ಮೇನ್ ಹಾಡಿದ್ದಾರೆ. ರಾಜಕುಮಾರ ಝಾಕ್ ಪೆರೇನ್‌ಗೆ ದನಿ ಝಾಕ್ ರೆವೋ ಅವರದು. ಹಾಡು ಮೊದಲೇ ಮುದ್ರಿಸಿ, ಚಿತ್ರೀಕರಣದಲ್ಲಿ ಅದಕ್ಕೆ ತುಟಿ ಕೂಡಿಸಿದ್ದಾರೆ, ನಮ್ಮ ಸಿನಿಮಾದವರು ಮಾಡುವ ಹಾಗೆಯೇ. ಸಾಹಿತ್ಯ ದೆಮಿಯದೇ. ಪ್ರೀತಿಯ ಕೇಕಿನ ಹಾಡಿನಲ್ಲಿ ಒಂದು ಯುಕ್ತಿ ಇದೆ, ಸಾಲಿನ ಮೊದಲ ತುಂಡನ್ನು ಹಾಡಿ, ಮತ್ತೆ ಅದನ್ನೇ ಹಿಡಿದು ಸಾಲು ಮುಗಿಸುವುದು. ಹೀಗೆ: 'ಹಿಟ್ಟನು ಅಳೆ, ಹಿಟ್ಟನು ಅಳೆದು ಹಾಕು'. ಆ ಮರುಕಳಿಕೆಯಲ್ಲಿ ಹಾಡುವವರಿಗೆ ಉಸಿರು, ಕಲಸುವ ಕೈಗೆ ಸಮಯ. ಅಡುಗೆಯ ಹಾಡು ಬರೆಯುವಾಗ ಈ ಕಟ್ಟನ್ನು ಇಟ್ಟುಕೋ. ದೃಶ್ಯದಲ್ಲಿ ದೆನೇವ್ ಇಬ್ಬರಾಗುತ್ತಾಳೆ. ಸೂರ್ಯನ ಉಡುಗೆಯವಳು ಒಬ್ಬಳು, ತೊಗಲಿನವಳು ಒಬ್ಬಳು. ಒಬ್ಬಳು ಪುಸ್ತಕ ನೋಡಿ ಓದುತ್ತಾಳೆ, ಇನ್ನೊಬ್ಬಳು ಕಲಸುತ್ತಾಳೆ. ಮೊಟ್ಟೆಯೊಂದನ್ನು ಒಡೆದರೆ ಮರಿ ಹೊರಬರುತ್ತದೆ. ಹಂಚಿಯೂ ಸಿಹಿಯನ್ನದಲ್ಲಿ ಕೈ ಪಳಗಿದವಳು, ಈ ಗಳಿಗೆ ನಿನ್ನ ಕಥೆಯೊಳಗೂ ಕಾದು ಕೂತಿದೆ.

ಆ ಕೇಕನ್ನೇ ಮಾಡಿ ನೋಡುವ ಆಸೆಯಿದ್ದರೆ ಹಾಡಿನ ಅಳತೆಯನ್ನು ನಂಬಿ ಇಳಿಯಬೇಡ. ಹಾಡು ಹೇಳುವುದು ನಾಲ್ಕು ಹಿಡಿ ಹಿಟ್ಟು, ನಾಲ್ಕು ಮೊಟ್ಟೆ, ಒಂದು ಬಟ್ಟಲು ಕೆನೆಹಾಲು, ಸಕ್ಕರೆ, ಒಂದು ಹಿಡಿ ಬೆಣ್ಣೆ, ಉಸಿರಿನಷ್ಟು ಹುದುಗು, ಕಣ್ಣೀರ ಹನಿಯಷ್ಟು ಜೇನು, ಒಂದು ಗಂಟೆ ಒಲೆ. ನಿನ್ನ ಹಿಡಿಗೆ ಬರುವುದು 40ರಿಂದ 50 ಗ್ರಾಂ ಹಿಟ್ಟು. ನಾಲ್ಕು ಹಿಡಿಗೆ ಬಟ್ಟಲು ಹಾಲು ಸುರಿದರೆ ನೀರುದೋಸೆ ಹಿಟ್ಟಾಗುತ್ತದೆ, ಬೆಂದ ಮೇಲೆ ಕೇಕಲ್ಲ, ಗಿಣ್ಣು. 250 ಗ್ರಾಂ ಮೈದಾ, ನಾಲ್ಕು ಮೊಟ್ಟೆ, 150 ಮಿಲೀ ಹಾಲು, 120 ಗ್ರಾಂ ಸಕ್ಕರೆ, ಕರಗಿಸಿದ 100 ಗ್ರಾಂ ಬೆಣ್ಣೆ, 10 ಗ್ರಾಂ ಬೇಕಿಂಗ್ ಪೌಡರ್, ಒಂದು ಚಮಚ ಜೇನು, ಚಿಟಿಕೆ ಉಪ್ಪು. 170 ಡಿಗ್ರಿಯಲ್ಲಿ 50 ನಿಮಿಷದ ಮೇಲೆ ಕಡ್ಡಿ ಚುಚ್ಚಿ ನೋಡು. ಹಿಟ್ಟಿಗೆ ಉಂಗುರ ಹಾಕಿದರೆ ಅದು ಮುಳುಗಿ ತಳಕ್ಕೆ ಅಂಟುತ್ತದೆ, ಅಂಟಿಸಿದ ಹರಳಿದ್ದರೆ ಬಿಸಿಗೆ ಕಳಚುತ್ತದೆ. ರಂಗಕ್ಕೆ ಬೇಕಾದರೆ ಕೇಕ್ ಆರಿದ ಮೇಲೆ ತಳದಲ್ಲಿ ಸೀಳಿ ಉಂಗುರ ಸೇರಿಸು, ನಟ ಕಚ್ಚುವ ಬದಿಗೆ ಗುರುತು ಮಾಡಿಡು. ಕತ್ತಲಲ್ಲಿ ಗಂಟಲಿಗೆ ಹೋಗುವ ವಸ್ತು ಅದು.

ಚಿತ್ರ ನನಗೆ ಒಪ್ಪಿಗೆಯಾಗದ ಜಾಗ ಒಂದೇ. ಕೊನೆಯಲ್ಲಿ ಅಪ್ಪ ಯಕ್ಷಿಣಿಯ ಜೊತೆ ಹೆಲಿಕಾಪ್ಟರಿನಲ್ಲಿ ಬಂದಿಳಿಯುತ್ತಾನೆ, ಅವಳನ್ನೇ ಮದುವೆಯಾಗುವವನಾಗಿ. ಹೆಲಿಕಾಪ್ಟರ್ ಸರಿ, ಅದಕ್ಕೆ ಮುಂಚೆಯೇ ಯಕ್ಷಿಣಿ ಕೊಟ್ಟ ಮುಂದಿನ ಕಾಲದ ಕವಿತೆಗಳನ್ನು ರಾಜ ಓದಿದ್ದಾನೆ, ಈ ಲೋಕದಲ್ಲಿ ಕಾಲಗಳು ಬೆರೆತೇ ಇವೆ. ಅಪ್ಪನ ಪಾತ್ರಕ್ಕೆ ಝಾನ್ ಮಾರೆಯನ್ನು ತಂದದ್ದೂ ಚೆಂದ. 1946ರಲ್ಲಿ ಝಾನ್ ಕಾಕ್ತೋನ ಚಿತ್ರದಲ್ಲಿ ಚೆಲುವೆಗಾಗಿ ಹಂಬಲಿಸಿದ ಮೃಗ ಅವನೇ. ಆದರೆ ಮಗಳು ತೊಗಲು ಹೊದ್ದು ಕಳೆದ ದಿನಗಳಿಗೆ ಅಪ್ಪ ಒಂದು ಮಾತಿನ ಲೆಕ್ಕವನ್ನೂ ಕೊಡುವುದಿಲ್ಲ, ಎಲ್ಲರೂ ನಗುತ್ತಾರೆ. ನಿನ್ನ ಕಥೆಯ ತಾಯಿ ಮಗಳನ್ನು ಕಳಿಸಿದ ಮೇಲೆ ಬದುಕಿ ಉಳಿಯುವುದಿಲ್ಲ. ಕಡೆಯ ದೃಶ್ಯದಲ್ಲಿ ಅವಳ ಹೆಸರಿಗೆ ಒಂದು ಎಲೆ ಖಾಲಿ ಹಾಕಿಡು.

ಮುಖವಾಡವನ್ನು ನಿಜವಾದ ಮಣ್ಣಿನಲ್ಲಿ ಮಾಡಿಸಬೇಡ. ಬೆರಳುದಪ್ಪವಿಲ್ಲದಿದ್ದರೂ ಅರ್ಧ ಕೆಜಿ ತೂಗುತ್ತದೆ, ಬಿದ್ದರೆ ಒಡೆಯುತ್ತದೆ, ಒಳಗಿನ ದನಿ ಮಡಕೆಯೊಳಗಿನ ದನಿಯಾಗುತ್ತದೆ. ದೆಮಿ ನಿಜವಾದ ಕತ್ತೆಯ ತೊಗಲನ್ನೇ ಹೊದಿಸಿದ, ಕ್ಯಾಮೆರಾ ಹತ್ತಿರ ಹೋಗುವಲ್ಲಿ ಅದು ಬೇಕು, ಹದಿನೈದನೇ ಸಾಲಿನ ಪ್ರೇಕ್ಷಕನಿಗೆ ಬೇಡ. ಎಣ್ಣೆ ಸವರಿದ ಮಣ್ಣಿನ ಅಚ್ಚಿನ ಮೇಲೆ ಮೈದಾ ಅಂಟಿನಲ್ಲಿ ನೆನೆದ ಪೇಪರ್ ಪಟ್ಟಿಗಳನ್ನು ಆರು ಪದರ ಹಚ್ಚು. ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಹಿಡಿಯದು, ಆದರೆ ಅದು ವಿಷ, ಚರ್ಮಕ್ಕೆ ತಾಗುವ ಒಳಬದಿಗೆ ಹತ್ತಿಬಟ್ಟೆ ಅಂಟಿಸಲೇಬೇಕು. ಮೇಲಿನ ತುಟಿಯ ಮಟ್ಟಕ್ಕೆ ಕತ್ತರಿಸಿ ಬಾಯಿ ಬಿಡು, ಮೈಕನ್ನು ಹಣೆಯ ಮೇಲೆ, ಮುಖವಾಡದ ಹೊರಗೆ ಇಡು. ಎರಡೆರಡು ಪದರಕ್ಕೊಮ್ಮೆ ಪೂರಾ ಒಣಗಬೇಕು, ಈ ಮಳೆಯಲ್ಲಿ ಒಂದೊಂದು ಸರದಿಗೆ ಎರಡು ದಿನ ಹಿಡಿದೀತು. ಅವಸರದಲ್ಲಿ ಹೀಟರ್ ಮುಂದೆ ಇಟ್ಟರೆ ಹೊರಮೈ ಬಿಗಿದು ಕೆನ್ನೆ ಸೊಟ್ಟಗಾಗುತ್ತದೆ. ತಾಲೀಮಿಗೆ ಮೂರು ವಾರ ಮುಂಚೆ ಶುರುಮಾಡು, ಹಾಡುವವಳಿಗೆ ಅದರೊಳಗಿಂದ ನೋಡಿ ನಡೆಯುವ ರೂಢಿಯೂ ಆಗಬೇಕಲ್ಲ.

ನಿನ್ನವನೇ