ಮಗಳಿಗೊಂದು ಪತ್ರ: ಹೆಸರಿಲ್ಲದ ಫೋಟೊಗಳು

ಪುಟ್ಟಿ,

ನೀನು ತೆಗೆದ ಫೋಟೊ ಅಚ್ಚಾಯ್ತು, ಕೆಳಗೆ ನಿನ್ನ ಹೆಸರೇ ಹಾಕಿಲ್ಲ ಅಂತ ನಿನ್ನೆ ಫೋನಲ್ಲಿ ಅತ್ತೆಯಲ್ಲ, ಆಗ ನನಗೆ ಏನು ಹೇಳಬೇಕೋ ಹೊಳೆಯಲಿಲ್ಲ. ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಸಂಪಾದಕರಿಗೆ ಬರೆದು ಕೇಳು. ಫೋನಿಟ್ಟ ಮೇಲೆ ಫೋಟೊಗ್ರಾಫರ್ ಯೋಸೆಫ್ ಕೌಡೆಲ್ಕಾ ನೆನಪಾದರು, ಆಮೇಲೆ ನಿದ್ದೆ ಬರಲಿಲ್ಲ.

ಅವರು ಜೆಕೊಸ್ಲೊವಾಕಿಯಾದವರು. ವಿಮಾನದ ಎಂಜಿನಿಯರ್ ಕೆಲಸ ಬಿಟ್ಟು ನಾಟಕದವರ, ಜಿಪ್ಸಿಗಳು ಅಂತ ಕರೆಯುತ್ತಿದ್ದ ರೋಮಾ ಜನರ ಫೋಟೊ ತೆಗೆಯುತ್ತಾ ಓಡಾಡಿದವರು. 1968ರಲ್ಲಿ ಅಲ್ಲಿನ ಕಮ್ಯುನಿಸ್ಟ್ ನಾಯಕ ದುಬ್ಚೆಕ್ ಜನರಿಗೆ ಮಾತಾಡೋಕೆ, ಬರೆಯೋಕೆ ಸ್ವಲ್ಪ ಸಡಿಲ ಬಿಟ್ಟಿದ್ದರು. ಮಾಸ್ಕೋದ ಸೋವಿಯತ್ ಸರ್ಕಾರದವರಿಗೆ ಅದನ್ನು ಸಹಿಸೋಕಾಗಲಿಲ್ಲ, ಆಗಸ್ಟ್‌ನಲ್ಲಿ ರಾಜಧಾನಿ ಪ್ರಾಗ್ ಊರೊಳಗೆ ಟ್ಯಾಂಕು ನುಗ್ಗಿಸಿದರು. ಕೌಡೆಲ್ಕಾ ರುಮೇನಿಯಾದಿಂದ ಆಗ ತಾನೇ ವಾಪಸ್ ಬಂದಿದ್ದರು. ಕ್ಯಾಮೆರಾ ಹಿಡಿದು ಬೀದಿಗಿಳಿದರು.

ಒಂದು ಫೋಟೊ ನೋಡು. ಮುಂದುಗಡೆ ಚಾಚಿದ ಒಂದು ಕೈ, ಅದಕ್ಕೆ ಕಟ್ಟಿದ ವಾಚು. ಹಿಂದೆ ವೆನ್ಸೆಸ್ಲಾಸ್ ಚೌಕದ ಆ ಅಗಲ ರಸ್ತೆ, ಖಾಲಿ ಖಾಲಿ. ಕೂಗಾಟ ಇಲ್ಲ, ಹೊಡೆದಾಟ ಇಲ್ಲ. ಆದರೂ ಎದೆ ಝಲ್ ಅನ್ನುತ್ತೆ.

ಫಿಲ್ಮು ಕದ್ದುಮುಚ್ಚಿ ದೇಶ ದಾಟಿ ಮ್ಯಾಗ್ನಂ ಅನ್ನೋ ಫೋಟೊಗ್ರಾಫರುಗಳ ಸಂಸ್ಥೆಯವರ ಕೈ ಸೇರಿತು. ಮರುವರ್ಷ ಹೊರದೇಶದ ಪತ್ರಿಕೆಗಳಲ್ಲಿ ಫೋಟೊಗಳು ಬಂದವು, ಹೆಸರಿನ ಜಾಗದಲ್ಲಿ ಬರೀ 'ಪಿ.ಪಿ.', ಅಂದರೆ ಪ್ರಾಗ್‌ನ ಫೋಟೊಗ್ರಾಫರ್. ಸುದ್ದಿ ಫೋಟೊಗಳಿಗೆ ಕೊಡುವ ರಾಬರ್ಟ್ ಕಾಪಾ ಚಿನ್ನದ ಪದಕವೂ ಹೆಸರಿಲ್ಲದವನಿಗೇ ಬಂತು.

1970ರಲ್ಲಿ ದೇಶ ಬಿಟ್ಟರು, ಇಂಗ್ಲೆಂಡಿನಲ್ಲಿ ಆಶ್ರಯ ಸಿಕ್ಕಿತು. ಆಗಲಾದರೂ ನಾನೇ ತೆಗೆದದ್ದು ಅನ್ನಬಹುದಿತ್ತು ಅಲ್ವಾ? ಅನ್ನಲಿಲ್ಲ. ಮನೆಯವರು ಅಲ್ಲೇ ಇದ್ದರು. ಒಬ್ಬ ತಪ್ಪಿಸಿಕೊಂಡರೆ ಅವನ ಮನೆಯವರ ಕೆಲಸ, ಓದು ಎಲ್ಲಕ್ಕೂ ಕೈ ಹಾಕುವ ಸರ್ಕಾರ ಅದು. 1984ರಲ್ಲಿ, ಅವರ ಅಪ್ಪ ತೀರಿಕೊಂಡ ಮೇಲೆಯೇ ಆ ಫೋಟೊಗಳಿಗೆ ಅವರ ಹೆಸರು ಬಂತು.

ನಾನೂ ಒಬ್ಬ ಅಪ್ಪ ನೋಡು, ಕಥೆಯ ಈ ಭಾಗಕ್ಕೆ ಬಂದಾಗೆಲ್ಲ ಗಂಟಲು ಕಟ್ಟುತ್ತೆ. ಅಷ್ಟು ದೊಡ್ಡ ಪದಕ ಬಂದರೂ, ಅದು ನನ್ನದೇ ಅಪ್ಪಾ ಅಂತ ಊರೆಲ್ಲ ಕೇಳೋ ಹಾಗೆ ಹೇಳುವಂತಿಲ್ಲ. ನೀನು ಮೂರನೇ ಕ್ಲಾಸಲ್ಲಿ ತಂದ ರಂಗೋಲಿ ಸರ್ಟಿಫಿಕೇಟನ್ನೇ ನಾನು ಬೀದಿಗೆಲ್ಲ ತೋರಿಸಿಕೊಂಡು ಬಂದವನು. ಅವರು ಮತ್ತೆ ತಮ್ಮ ನೆಲಕ್ಕೆ ಕಾಲಿಟ್ಟಿದ್ದು 1990ರಲ್ಲಿ, ಆ ಸರ್ಕಾರ ಬಿದ್ದ ಮೇಲೆ.

ಮೆಣಸಿನಕಾಯಿ ರಾಶಿ ಮುಂದೆ ಕೂತ ಅಜ್ಜಿಯ ನಿನ್ನ ಫೋಟೊ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಕೆಳಗೆ ನಿನ್ನ ಹೆಸರು ನಾನೇ ಪೆನ್ನಲ್ಲಿ ಬರೆದೆ. ಈಗ ಅದು ಇಲ್ಲಿಲ್ಲ, ನಿಮ್ಮಮ್ಮ ಪಕ್ಕದ ಮನೆಯವರಿಗೆ ತೋರಿಸೋಕೆ ತಗೊಂಡು ಹೋಗಿದ್ದಾಳೆ.

ನಿನ್ನ ಅಪ್ಪ