ರಜೈ ಡೇವಿಸ್ ಅವರಿಗೆ, ಕ್ಲೀವ್‌ಲ್ಯಾಂಡಿನ ಒಂದು ಕನ್ನಡ ಮನೆಯಿಂದ

ಕಳೆದ ತಿಂಗಳು ನಮ್ಮ ಮನೆಗೆ ಗ್ರೀನ್ ಕಾರ್ಡ್ ಬಂದಿತು. ಒಂದು ಗುತ್ತಿಗೆ ಮುಗಿಯುವ ಮೊದಲೇ ಮುಂದಿನದನ್ನು ಹುಡುಕುತ್ತಾ, ವೀಸಾದ ತಾರೀಖನ್ನು ಪಂಚಾಂಗಕ್ಕಿಂತ ಹೆಚ್ಚು ಶ್ರದ್ಧೆಯಿಂದ ನೋಡುತ್ತಾ, ಊರಿಂದೂರಿಗೆ ಗಂಟುಮೂಟೆ ಕಟ್ಟಿಕೊಂಡು ಬದುಕಿದ ನಮಗೆ ಇದು ಸಣ್ಣ ಸಂಗತಿಯಲ್ಲ. ಆ ದಿನಗಳಲ್ಲಿ ಕೈಹಿಡಿದ ಬಂಧುಗಳಿಗೂ, ಒಹಾಯೊದ ಕನ್ನಡ ಗೆಳೆಯರಿಗೂ, ಬಾಡಿಗೆ ತಡವಾದಾಗ ಮುಖ ಗಂಟಿಕ್ಕದ ಮನೆಯ ಮಾಲೀಕರಿಗೂ ನಾವು ಖುದ್ದಾಗಿ ವಂದನೆ ಹೇಳಿದ್ದೇವೆ. ಹೀಗೆ ಹೇಳಲಾಗದೆ ಉಳಿದವರು ಒಬ್ಬರಿದ್ದಾರೆ. ಅವರಿಗೆ ನನ್ನ ಪರಿಚಯವಿಲ್ಲ, ಈ ಭಾಷೆಯೂ ಗೊತ್ತಿಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 2006ರಿಂದ 2019ರವರೆಗೆ ಔಟ್‌ಫೀಲ್ಡರ್ ಆಗಿ ಆಡಿದ ರಜೈ ಡೇವಿಸ್ ಅವರಿಗೆ ಈ ಬರಹ ಸಲ್ಲಬೇಕು.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ವಿಚಿತ್ರವೆನಿಸುವುದು ಇಲ್ಲಿಯ ಆಟಗಾರರ ಕೊಡುಕೊಳ್ಳುವಿಕೆ. ರಣಜಿಯಲ್ಲಿ ಆಟಗಾರನೊಬ್ಬ ರಾಜ್ಯ ಬದಲಿಸಿದರೆ ಅದು ಸುದ್ದಿ; ಇಲ್ಲಿ ತಂಡವೊಂದು ತನ್ನ ಆಟಗಾರನನ್ನು ಸೀಸನ್ನಿನ ನಡುವೆಯೇ ಇನ್ನೊಂದು ತಂಡಕ್ಕೆ ಕೊಟ್ಟುಬಿಡಬಹುದು, ಹೆಚ್ಚಿನ ಸಂದರ್ಭಗಳಲ್ಲಿ ಅವನ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ. ಮೇಜರ್ ಲೀಗಿನಲ್ಲಿ ಹತ್ತು ವರ್ಷ ಪೂರೈಸಿ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನಿಗೆ ಮಾತ್ರ ಇಂಥ ಟ್ರೇಡನ್ನು ನಿರಾಕರಿಸುವ ಹಕ್ಕು ತಾನಾಗಿ ಬರುತ್ತದೆ. ಡೇವಿಸ್ ಅವರಿಗೆ ಆ ಹಕ್ಕು ಎಂದೂ ದಕ್ಕಲಿಲ್ಲ, ಏಕೆಂದರೆ ಮೂರು ಸೀಸನ್‌ಗಳಿಗಿಂತ ಹೆಚ್ಚು ಕಾಲ ಅವರನ್ನು ಯಾವ ತಂಡವೂ ಒಟ್ಟಿಗೆ ಇಟ್ಟುಕೊಳ್ಳಲಿಲ್ಲ.

ಕನೆಕ್ಟಿಕಟ್ ರಾಜ್ಯದ ಅವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ 2001ರ ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, 38ನೆಯ ಸುತ್ತಿನಲ್ಲಿ ಆರಿಸಿತು. ಆಗ ಡ್ರಾಫ್ಟಿಗೆ ಐವತ್ತು ಸುತ್ತುಗಳಿದ್ದವು. ಮೂವತ್ತೆಂಟರಲ್ಲಿ ಹೆಸರು ಬಂದವನು ಮೇಜರ್ ಲೀಗಿನವರೆಗೆ ಏರಿಬರುತ್ತಾನೆಂದು ಆರಿಸಿದವರೂ ಪಣ ಕಟ್ಟುವುದಿಲ್ಲ. ಕೆಳಹಂತದ ಮೈನರ್ ಲೀಗುಗಳಲ್ಲಿ ಐದು ವರ್ಷ ಸವೆಸಿದ ಮೇಲೆ, 2006ರ ಆಗಸ್ಟಿನಲ್ಲಿ ಅವರಿಗೆ ಮೊದಲ ಕರೆ ಬಂದಿತು. ಮರುವರ್ಷ ಜುಲೈ 31ರಂದು, ಟ್ರೇಡ್ ಗಡುವಿನ ದಿನವೇ, ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳುಹಿಸಲಾಯಿತು. 2008ರ ಏಪ್ರಿಲ್‌ನಲ್ಲಿ ಆ ತಂಡವೂ ಕೈಬಿಟ್ಟಾಗ ಕೊಲ್ಲಿಯ ಆಚೆ ದಡದ ಓಕ್ಲೆಂಡ್ ತಂಡ ಅವರನ್ನು ಎತ್ತಿಕೊಂಡಿತು. ಅಲ್ಲಿಂದ ಟೊರೊಂಟೊ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಮತ್ತೆ ಓಕ್ಲೆಂಡ್, ಬಾಸ್ಟನ್, ಮತ್ತೆ ಕ್ಲೀವ್‌ಲ್ಯಾಂಡ್, ಕೊನೆಗೆ ನ್ಯೂಯಾರ್ಕ್ ಮೆಟ್ಸ್. ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನ್ನದೇ ರೆಸ್ಯೂಮೆ ಓದುತ್ತಿದ್ದೇನೇನೋ ಎನಿಸಿತ್ತು. ಸಂಬಳದ ಅಂಕಣವೊಂದನ್ನು ಬಿಟ್ಟು, ಎನ್ನಿ.

ಇಷ್ಟು ತಂಡಗಳು ಅವರನ್ನು ಬೇಕೆಂದದ್ದು ಮುಖ್ಯವಾಗಿ ಅವರ ಕಾಲಿಗಾಗಿ. ಬೇಸ್‌ಬಾಲ್‌ನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ ತೊಂಬತ್ತು ಅಡಿ. ಪಿಚರ್ ಚೆಂಡೆಸೆಯಲು ಹೊರಟ ಕ್ಷಣದಲ್ಲಿ ಓಟಗಾರ ಕಿತ್ತುಕೊಂಡು ಓಡಬೇಕು. ಕ್ಯಾಚರ್ ಅದನ್ನು ಹಿಡಿದು ಎರಡನೆಯ ಬೇಸಿಗೆ ಎಸೆಯುವಷ್ಟರಲ್ಲಿ, ಅಂದರೆ ಸುಮಾರು ಮೂರೂವರೆ ಸೆಕೆಂಡಿನೊಳಗೆ, ಅಲ್ಲಿ ಜಾರಿ ತಲುಪಿರಬೇಕು. ಹೀಗೆ ಬೇಸ್ ಕದಿಯುವುದರಲ್ಲಿ ವೇಗಕ್ಕಿಂತಲೂ ಮುಖ್ಯವಾದದ್ದು ಪಿಚರ್‌ನ ಭುಜ, ಹಿಮ್ಮಡಿಗಳನ್ನು ಓದುವ ಕಣ್ಣು ಎಂದು ನನಗೆ ಕಲಿಸಿದವರು ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು. ಅವರಿಗೂ ಇಲ್ಲಿಯೇ ವಂದನೆ. ಡೇವಿಸ್ 2010ರಲ್ಲಿ ಓಕ್ಲೆಂಡಿಗಾಗಿ ಐವತ್ತು ಬೇಸ್ ಕದ್ದರು, ನಿವೃತ್ತರಾಗುವ ಹೊತ್ತಿಗೆ ಆ ಲೆಕ್ಕ 415ಕ್ಕೆ ಮುಟ್ಟಿತ್ತು. 2016ರಲ್ಲಿ, ಹೆಚ್ಚಿನ ಓಟಗಾರರ ಕಾಲು ಭಾರವಾಗುವ ಮೂವತ್ತೈದರ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡಿಗಾಗಿ 43 ಬೇಸ್ ಕದ್ದು, ಮೇಜರ್ ಲೀಗಿನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗಿಗೇ ಮೊದಲಿಗರಾದರು.

ಆ 2016 ನಮ್ಮ ಮನೆಯ ಅತ್ಯಂತ ಕೆಟ್ಟ ವರ್ಷ. ಶರತ್ಕಾಲ ಬರುವ ಹೊತ್ತಿಗೆ ನಾನಿದ್ದ ಪ್ರಾಜೆಕ್ಟನ್ನು ಹೆಚ್ಚೇನೂ ವಿವರಣೆಯಿಲ್ಲದೆ ಮುಚ್ಚಲಾಗಿತ್ತು. ಹಗಲೆಲ್ಲ ಅರ್ಜಿ ಹಾಕುವುದು, ಸಂಜೆ ರೇಡಿಯೊದಲ್ಲಿ ಟಾಮ್ ಹ್ಯಾಮಿಲ್ಟನ್ ಅವರ ವೀಕ್ಷಕ ವಿವರಣೆ ಕೇಳುವುದು. ದಶಕಗಳಿಂದ ಕ್ಲೀವ್‌ಲ್ಯಾಂಡ್ ತಂಡದ ದನಿಯಾಗಿರುವ ಈ ಮನುಷ್ಯ ಚೆಂಡು ಮೇಲಕ್ಕೆದ್ದೊಡನೆ ಕೇಳುಗನನ್ನೂ ಕುರ್ಚಿಯಿಂದೆಬ್ಬಿಸುತ್ತಾರೆ. ನಮ್ಮ ಮೌನದ ಮನೆಯಲ್ಲಿ ಆಗ ಏರುದನಿಯೆಂದರೆ ಅವರದೊಂದೇ. ಈಗ ಗಾರ್ಡಿಯನ್ಸ್ ಆಗಿರುವ ತಂಡ ಆಗಿನ್ನೂ ಇಂಡಿಯನ್ಸ್. 1948ರಿಂದ ಅದು ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಎದುರಾಳಿ ಶಿಕಾಗೊ ಕಬ್ಸ್ ಗೆದ್ದು 108 ವರ್ಷಗಳಾಗಿದ್ದವು. ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಮುಂದಿದ್ದ ಕ್ಲೀವ್‌ಲ್ಯಾಂಡ್ ಎರಡನ್ನು ಸೋತು, ನವೆಂಬರ್ 2ರ ರಾತ್ರಿ ತವರಿನಲ್ಲಿ ಏಳನೆಯದಕ್ಕೆ ಇಳಿಯಿತು.

ಎಂಟನೆಯ ಇನಿಂಗ್ಸಿನಲ್ಲಿ ಕ್ಲೀವ್‌ಲ್ಯಾಂಡ್ 6-3ರಿಂದ ಹಿಂದಿತ್ತು, ಎರಡು ಔಟ್ ಆಗಿತ್ತು, ಮೂರನೆಯದಾದರೆ ಸರದಿ ಮುಗಿದಂತೆ. ಕಬ್ಸ್ ತಂಡದ ಮ್ಯಾನೇಜರ್ ಜೋ ಮ್ಯಾಡನ್ ಅವರು ಅರೋಲ್ಡಿಸ್ ಚಾಪ್ಮನ್ ಅವರನ್ನು ಕರೆದರು. 2010ರಲ್ಲಿ ಗಂಟೆಗೆ 105 ಮೈಲಿಗೂ ಮಿಗಿಲಾದ, ಅಂದರೆ ಸುಮಾರು 169 ಕಿಲೋಮೀಟರ್ ವೇಗದ ಚೆಂಡೆಸೆದವರು ಅವರು. ಬ್ರ್ಯಾಂಡನ್ ಗೈಯರ್ ಅವರ ಡಬಲ್‌ನಿಂದ, ಅಂದರೆ ಎರಡನೆಯ ಬೇಸಿನವರೆಗೆ ತಲುಪಿಸುವ ಹೊಡೆತದಿಂದ, ಒಂದು ರನ್ ಬಂದ ಮೇಲೆ ಡೇವಿಸ್ ಬಂದರು. ಇಂಥ ವೇಗವನ್ನು ಎದುರಿಸಲೆಂದು ಬ್ಯಾಟಿನ ಹಿಡಿಯನ್ನು ಹಲವು ಇಂಚು ಮೇಲಕ್ಕೆ ಹಿಡಿದು, ಚೆಂಡುಗಳನ್ನು ಒಂದೊಂದಾಗಿ ಬದಿಗೆ ತಳ್ಳುತ್ತಾ ನಿಂತರು. ಆಮೇಲೆ ಒಂದು ಚೆಂಡು ಕೆಳಮಟ್ಟಕ್ಕೆ ಬಂದಿತು. ಅದು ಎಡ ಮೈದಾನದ ಎತ್ತರದ ಗೋಡೆಯನ್ನು ದಾಟಿ ಹೋಯಿತು. ಹೋಮ್ ರನ್! ಬೇಸಿನಲ್ಲಿದ್ದ ಗೈಯರ್ ಅವರ ರನ್ನೂ ಸೇರಿ ಸ್ಕೋರು 6-6. ಇಡೀ ವೃತ್ತಿಜೀವನದ ನಿಯಮಿತ ಪಂದ್ಯಗಳಲ್ಲಿ 62 ಹೋಮ್ ರನ್ ಮಾತ್ರ ಹೊಡೆದವರು, ಹೊಡೆಯುವುದಕ್ಕಲ್ಲ, ಓಡುವುದಕ್ಕೆಂದು ಹೆಸರಾದವರು, ಆ ಚೆಂಡನ್ನು ಹೊಡೆದರು. ಕೆಳಗಿನ ಮನೆಯವರು ಛಾವಣಿಗೆ ಪೊರಕೆಯಿಂದ ಕುಟ್ಟುವಷ್ಟು ಗದ್ದಲವನ್ನು ನಾವು ಮಾಡಿದೆವು. ಕುಟ್ಟಿದ್ದು ಸಿಟ್ಟಿನಿಂದಲ್ಲ, ಸಂಭ್ರಮದಿಂದ ಎಂದು ಮರುದಿನ ತಿಳಿಯಿತು.

ಆ ಹೋಮ್ ರನ್ನಿಗಾಗಿ ಈ ನಗರವೇ ಅವರಿಗೆ ಋಣಿಯಾಗಿದೆ. ನನ್ನ ಕೃತಜ್ಞತೆ ಅದಕ್ಕಿಂತ ಹೆಚ್ಚಾಗಿ, ಯಾರೂ ನೆನೆಯದ ಇನ್ನೊಂದು ಹೊಡೆತಕ್ಕೆ ಸಲ್ಲುತ್ತದೆ. ನಿಗದಿತ ಒಂಬತ್ತು ಇನಿಂಗ್ಸ್ ಸಮಬಲದಲ್ಲೇ ಮುಗಿದಾಗ ಮಳೆ ಬಂದು ಹದಿನೇಳು ನಿಮಿಷ ಆಟ ನಿಂತಿತು. ಹತ್ತನೆಯದರಲ್ಲಿ ಕಬ್ಸ್ ಎರಡು ರನ್ ಗಳಿಸಿತು. ಕ್ಲೀವ್‌ಲ್ಯಾಂಡಿನ ಸರದಿಯಲ್ಲಿ ಎರಡು ಔಟ್ ಆಗಿಹೋಗಿದ್ದವು. ಗೈಯರ್ ವಾಕ್ (ಗುರಿತಪ್ಪಿದ ನಾಲ್ಕು ಎಸೆತಗಳಿಗೆ ಸಿಗುವ ಮೊದಲ ಬೇಸ್) ಪಡೆದು, ಬಳಿಕ ಎರಡನೆಯ ಬೇಸಿನಲ್ಲಿದ್ದರು. ಮತ್ತೆ ಡೇವಿಸ್ ಬಂದರು. ಅದ್ಭುತವನ್ನು ಒಮ್ಮೆ ಮಾಡಿ ಮುಗಿಸಿದವನಿಂದ ಎರಡನೆಯದನ್ನು ನಿರೀಕ್ಷಿಸುವುದು ಅನ್ಯಾಯವೇ ಸರಿ, ಅವರೂ ಅದಕ್ಕೆ ಕೈಹಾಕಲಿಲ್ಲ. ಮಧ್ಯ ಮೈದಾನಕ್ಕೆ ಒಂದು ಸಿಂಗಲ್ ಹೊಡೆದರು, ಗೈಯರ್ ಓಡಿಬಂದರು, 8-7 ಆಯಿತು. ಮುಂದಿನವರು ಔಟಾದರು, ಸರಣಿ ಸೋತಿತು. ದಾಖಲೆಯಲ್ಲಿ ಸೋಲಿನ ಅಂತರವನ್ನು ಒಂದಕ್ಕಿಳಿಸಿದ ಲೆಕ್ಕವಷ್ಟೇ ಅದು. ಆದರೆ ಆಟವನ್ನು ಮುಂದಿನವರ ಕೈಗೆ ಜೀವಂತವಾಗಿ ದಾಟಿಸಿದ ಆ ಸಿಂಗಲ್ಲಿನ ದೆಸೆಯಿಂದ ನಾನು ಮರುದಿನ ಬೆಳಿಗ್ಗೆ ಎದ್ದು, ಪ್ರಯೋಜನವಿಲ್ಲವೆಂದು ಬದಿಗಿಟ್ಟಿದ್ದ ಮೂರು ಅರ್ಜಿಗಳನ್ನು ಕಳುಹಿಸಿದೆ. ಅವುಗಳಿಂದ ಕೆಲಸವೇನೂ ಸಿಗಲಿಲ್ಲ. ಸಿಕ್ಕಿದ್ದು ಆಮೇಲೆ, ಬೇರೆ ಕಡೆ.

ಅದೇ ವರ್ಷ ಜುಲೈ 2ರಂದು ಟೊರೊಂಟೊದಲ್ಲಿ, ತಮ್ಮ ಹಳೆಯ ತಂಡದ ಎದುರು, ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್ ನಾಲ್ಕನ್ನೂ ಹೊಡೆದು ಅವರು ಸೈಕಲ್ ಪೂರೈಸಿದ್ದರು. ಆ ಪಂದ್ಯವನ್ನೂ ಕ್ಲೀವ್‌ಲ್ಯಾಂಡ್ ಸೋತಿತ್ತು! ಗೆಲುವಿನ ಸಂತೋಷ ಅವರಿಗೆ ದಕ್ಕಲೇ ಇಲ್ಲವೆಂದಲ್ಲ. 2014ರ ಜೂನ್ 30ರಂದು ಡೆಟ್ರಾಯಿಟ್‌ನಲ್ಲಿ, ಮೂರು ರನ್ ಹಿಂದಿದ್ದ ತಂಡಕ್ಕಾಗಿ, ಒಂಬತ್ತನೆಯ ಇನಿಂಗ್ಸಿನಲ್ಲಿ ಓಕ್ಲೆಂಡಿನ ಪಿಚರ್ ಶಾನ್ ಡೂಲಿಟಲ್ ಅವರ ಎಸೆತಕ್ಕೆ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್ ತುಂಬಿದ್ದಾಗ ನಾಲ್ಕು ರನ್ ತರುವ ಹೋಮ್ ರನ್, ಹೊಡೆದು ಪಂದ್ಯ ಮುಗಿಸಿದ್ದರು. ಡೂಲಿಟಲ್ ಅವರ ದುರದೃಷ್ಟ ಅಲ್ಲಿಗೇ ಮುಗಿಯಲಿಲ್ಲ.

2019ರ ಮೇ 22ರಂದು, ಮೂವತ್ತೆಂಟರ ಡೇವಿಸ್ ಮೈನರ್ ಲೀಗಿನ ಸಿರಕ್ಯೂಸ್ ತಂಡದೊಂದಿಗೆ ಪೆನ್ಸಿಲ್ವೇನಿಯದ ಅಲೆನ್‌ಟೌನ್‌ನಲ್ಲಿದ್ದಾಗ ಮೆಟ್ಸ್ ತಂಡದಿಂದ ತುರ್ತು ಕರೆ ಬಂದಿತು. ಉಬರ್ ಹಿಡಿದು, ಎರಡು ಗಂಟೆಗೂ ಹೆಚ್ಚು ಪಯಣಿಸಿ, ಪಂದ್ಯ ಆರಂಭವಾದ ಮೇಲೆ ನ್ಯೂಯಾರ್ಕಿನ ಮೈದಾನ ತಲುಪಿದರು. ಎಂಟನೆಯ ಇನಿಂಗ್ಸಿನಲ್ಲಿ ಬದಲಿ ಬ್ಯಾಟರ್ ಆಗಿ ಬಂದು ಮೂರು ರನ್ನಿನ ಹೋಮ್ ರನ್ ಹೊಡೆದರು. ಎಸೆದವರು, ಆಗ ವಾಷಿಂಗ್ಟನ್ ತಂಡದಲ್ಲಿದ್ದ ಅದೇ ಡೂಲಿಟಲ್. ಆ ಸೀಸನ್ನೇ ಡೇವಿಸ್ ಅವರ ಕೊನೆಯದು.

ನಮ್ಮ ಕಡೆಯ ಸಭೆಗಳಲ್ಲಿ ವಂದನಾರ್ಪಣೆಗೆ ನಿಂತವರು ಅತಿಥಿಗಳನ್ನೆಲ್ಲ ಮುಗಿಸಿ, ಮೈಕು, ಶಾಮಿಯಾನದವರನ್ನೂ ನೆನೆಯದೆ ಕುಳಿತುಕೊಳ್ಳುವುದಿಲ್ಲ. ಆ ಪದ್ಧತಿಯಂತೆ, ಡೇವಿಸ್ ಅವರಿಗೂ ಹ್ಯಾಮಿಲ್ಟನ್ ಅವರಿಗೂ ಬೇಸ್‌ಬಾಲ್ ಕಲಿಸಿದ ಸಹೋದ್ಯೋಗಿಗೂ ಸಲ್ಲಿಸಿದ ಮೇಲೆ, ಅಲೆನ್‌ಟೌನ್‌ನಿಂದ ಅವರನ್ನು ಹೊತ್ತಿಗೆ ಸರಿಯಾಗಿ ತಲುಪಿಸಿದ ಉಬರ್ ಚಾಲಕರಿಗೂ, ಪೊರಕೆ ಹಿಡಿದು ನಮ್ಮ ಸಂಭ್ರಮಕ್ಕೆ ದನಿಗೂಡಿಸಿದ ಕೆಳಗಿನ ಮನೆಯವರಿಗೂ ನಮ್ಮೆಲ್ಲರ ವಂದನೆಗಳು.