ಪಿತ್ತಕೋಶದ ಪಾಲಿಪ್: ವರದಿಯ ಜತೆ ವಿವರಣೆಯೂ ಇರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಪೂರ್ಣ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳುವವರು ಹೆಚ್ಚಿದಂತೆ, ಹೊಟ್ಟೆಯ ಅಲ್ಟ್ರಾಸೌಂಡ್ ವರದಿಯಲ್ಲಿ 'ಪಿತ್ತಕೋಶದಲ್ಲಿ ಪಾಲಿಪ್' (ಒಳಗೋಡೆಯಿಂದ ಚಾಚಿಕೊಂಡ ಪುಟ್ಟ ಉಬ್ಬು) ಎಂಬ ಸಾಲನ್ನು ಓದಿ ಕಂಗಾಲಾಗುವವರೂ ಹೆಚ್ಚಿದ್ದಾರೆ. ನನ್ನ ಅಕ್ಕನಿಗೆ ಕಂಡದ್ದು 4 ಮಿಲಿಮೀಟರಿನ ಪಾಲಿಪ್. ಅದರ ಅರ್ಥವನ್ನು ಯಾರೂ ತಿಳಿಸದ ಕಾರಣ ಆಕೆ ವಾರಗಟ್ಟಲೆ ಸರಿಯಾಗಿ ನಿದ್ರಿಸಲಿಲ್ಲ.

ಸ್ಕ್ಯಾನ್ ಮಾಡಿಸಿಕೊಂಡ ವಯಸ್ಕರಲ್ಲಿ ಸುಮಾರು ನೂರಕ್ಕೆ ಐವರಲ್ಲಿ ಇವು ಕಾಣಸಿಗುತ್ತವೆ. ಬಹುಪಾಲು ಇವು ನಿಜವಾದ ಗೆಡ್ಡೆಗಳೇ ಅಲ್ಲ, ಕೋಶದ ಒಳಗೋಡೆಗೆ ಅಂಟಿದ ಕೊಲೆಸ್ಟ್ರಾಲ್ ಶೇಖರಣೆಗಳು. ಕೆಲವು ವರ್ಷಗಳಲ್ಲಿ ಅವು ಒಂದೆರಡು ಮಿಲಿಮೀಟರ್ ಬೆಳೆಯಬಹುದು, ಹಾಗೆಯೇ ಉಳಿಯಬಹುದು, ಮುಂದಿನ ಸ್ಕ್ಯಾನಿನಲ್ಲಿ ಕಾಣದೆಯೂ ಹೋಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 6 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು, ಪಾಲಿಪ್ ಇದ್ದವರಲ್ಲೂ ಇಲ್ಲದವರಲ್ಲೂ ಪಿತ್ತಕೋಶದ ಕ್ಯಾನ್ಸರ್ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತೆಂದು ತೋರಿಸಿದೆ.

ಹಾಗೆಂದು ಅಲಕ್ಷ್ಯ ಸಲ್ಲದು. 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾದರೆ ಸಾಮಾನ್ಯವಾಗಿ ಪಿತ್ತಕೋಶವನ್ನೇ ತೆಗೆಯಲು ಸೂಚಿಸುತ್ತಾರೆ. 2022ರ ಯುರೋಪಿನ ಮಾರ್ಗಸೂಚಿಯು 6ರಿಂದ 9 ಮಿಲಿಮೀಟರಿನವುಗಳಿಗೆ, ಬೇರೆ ಅಪಾಯಕಾರಿ ಅಂಶಗಳಿಲ್ಲದಿದ್ದರೆ, ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಮರುಸ್ಕ್ಯಾನ್ ಹೇಳುತ್ತದೆ. ಅರವತ್ತು ದಾಟಿದವರಲ್ಲಿ ಮತ್ತು ತೊಟ್ಟಿಲ್ಲದೆ ಗೋಡೆಗೆ ಚಪ್ಪಟೆಯಾಗಿ ಅಂಟಿದ ಪಾಲಿಪ್ ಇರುವವರಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಆ ಮಾರ್ಗಸೂಚಿ ಏಷ್ಯಾ ಮೂಲವನ್ನೂ ಅಪಾಯದ ಅಂಶವೆಂದೇ ಎಣಿಸುವುದರಿಂದ, ನಮ್ಮವರು ವೈದ್ಯರನ್ನು ಕೇಳದೆ ತಾವೇ ತೀರ್ಮಾನಿಸಬಾರದು.

ತಪಾಸಣಾ ಕೇಂದ್ರಗಳು ವರದಿಯ ಜತೆಗೆ ಇಷ್ಟನ್ನು ಸರಳ ಕನ್ನಡದಲ್ಲಿ ಮುದ್ರಿಸಿ ಕೊಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು